ಸೊನ್ನೆಯ ಸಾಧಕರು

ಬೇಗೂರು ರಸ್ತೆಯ ಕಾಲೇಜೊಂದು ಲೈಂಗಿಕ ಕಿರುಕುಳದ ದೂರುಗಳ ಕಾಲಂನಲ್ಲಿ ಈ ವರ್ಷವೂ ದುಂಡಗೆ ಸೊನ್ನೆ ಬರೆದು ಮೇಲಕ್ಕೆ ಕಳಿಸಿದೆ. ಹೋದ ವರ್ಷವೂ ಸೊನ್ನೆ, ಅದರ ಹಿಂದಿನ ವರ್ಷವೂ ಸೊನ್ನೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಷ್ಟೇ ದುಂಡಗಿನ ಸೊನ್ನೆ ಗಳಿಸಿರುವ ಅಕ್ಕಪಕ್ಕದ ಕಾಲೇಜುಗಳಿಗೆ ಬೇಸರವಾದೀತು.

ಇದು ಸಣ್ಣ ಸಾಧನೆಯಲ್ಲ. ಬೇಗೂರಿನಿಂದ ಬೊಮ್ಮನಹಳ್ಳಿ ಸೇರುವುದರೊಳಗೆ ಬಸ್ಸಿನ ನೂಕುನುಗ್ಗಲಲ್ಲಿ ಎಲ್ಲೆಲ್ಲಿಗೋ ಚಾಚುವ ಕೈಗಳು ಕಾಲೇಜಿನ ಗೇಟು ದಾಟಿದೊಡನೆ ಹಾಜರಿ ಪುಸ್ತಕ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ ಎಂದರೆ ಆ ಗೇಟಿನಲ್ಲಿ ಏನೋ ಮಹಿಮೆ ಇರಲೇಬೇಕು. ಪ್ರಿನ್ಸಿಪಾಲರನ್ನು ಕೇಳಿದರೆ ವಿನಯದಿಂದ ಹೇಳುತ್ತಾರೆ: "ನಮ್ಮದು ಒಂದು ಕುಟುಂಬ ಇದ್ದ ಹಾಗೆ ಸರ್." ಕುಟುಂಬಗಳ ಒಳಗೆ ಏನೇನು ನಡೆಯುತ್ತದೆ ಎಂದು ಪೊಲೀಸ್ ಠಾಣೆಯವರನ್ನು ಕೇಳುವುದು ಬೇಡ, ಬಿಡಿ.

ದೂರು ಕೇಳುವ ಸಮಿತಿ ಇಲ್ಲವೆಂದುಕೊಳ್ಳಬೇಡಿ. ಇದೆ. ಆಫೀಸಿನ ಮೆಟ್ಟಿಲ ಪಕ್ಕದಲ್ಲಿ ಫ್ಲೆಕ್ಸ್ ಇದೆ, ಫ್ಲೆಕ್ಸಿನಲ್ಲಿ ಫೋನ್ ನಂಬರೂ ಇದೆ. ಆ ನಂಬರಿನ ಮೇಡಂ ಕೆಲಸ ಬಿಟ್ಟು ಮದುವೆಯಾಗಿ ಹೋಗಿದ್ದಾರೆ, ಅಷ್ಟೇ.

ಭಂವರಿ ದೇವಿ ಅತ್ಯಾಚಾರ ಪ್ರಕರಣದ ಬೆನ್ನಿಗೆ 1997ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವಿಶಾಖಾ ತೀರ್ಪಿನಿಂದ ಹಿಡಿದು ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯವರೆಗೆ ಬಂದದ್ದೆಲ್ಲ ಕಾಲೇಜುಗಳಿಗೆ ಅರ್ಥವಾಗದೆ ಹೋದೀತು ಎಂದು ಯುಜಿಸಿ 2016ರ ಮೇ ತಿಂಗಳಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ಗೆಜೆಟ್ಟಿನಲ್ಲಿ ಹಾಕಿಸಿತು. ಆಂತರಿಕ ದೂರು ಸಮಿತಿಗೆ ಹಿರಿಯ ಅಧ್ಯಾಪಕಿಯೊಬ್ಬರು ಮುಖ್ಯಸ್ಥೆಯಾಗಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು, ಹೊರಗಿನ ಸಂಸ್ಥೆಯ ಒಬ್ಬರು ಇರಬೇಕು. ವಿದ್ಯಾರ್ಥಿಗಳ ವಿಷಯವಾದರೆ ಮೂವರು ವಿದ್ಯಾರ್ಥಿಗಳು ಚುನಾವಣೆಯಲ್ಲಿ ಗೆದ್ದು ಬರಬೇಕು. ಅರ್ಧದಷ್ಟಾದರೂ ಮಹಿಳೆಯರಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇಂಥ ಕುರ್ಚಿವಂತರು ಸಮಿತಿಯ ಹತ್ತಿರವೂ ಸುಳಿಯಕೂಡದು.

ನಮ್ಮ ಕಾಲೇಜು ಇದನ್ನು ಓದಿ ತನ್ನ ಅನುಕೂಲಕ್ಕೆ ಒಗ್ಗಿಸಿಕೊಂಡಿತು. ಹೊರಗಿನ ಸದಸ್ಯರು ಮ್ಯಾನೇಜ್‌ಮೆಂಟ್ ಅಧ್ಯಕ್ಷರ ಅತ್ತಿಗೆ. ಅವರು ಬೇರೆ ಮನೆಯಲ್ಲಿ ಇರುವುದರಿಂದ ಹೊರಗಿನವರೇ. ಸಮಿತಿಯ ಮುಖ್ಯಸ್ಥೆ ವಿಭಾಗದ ಮುಖ್ಯಸ್ಥೆಯೂ ಹೌದು, ಏಕೆಂದರೆ ಬೇರೆ ಹಿರಿಯರು ಯಾರೂ ಕಾಯಂ ಆಗಿಲ್ಲ. ಚುನಾವಣೆ ಎಂಬ ಪದ ಕೇಳಿದರೆ ಆಡಳಿತ ಮಂಡಳಿಗೆ ಬಿಪಿ ಏರುತ್ತದಾದ್ದರಿಂದ, ಎದುರು ಮಾತಾಡದ ಮೂರು ಮಕ್ಕಳನ್ನು ರ‍್ಯಾಂಕ್ ಪಟ್ಟಿಯಿಂದ ಆರಿಸಿ ಸಹಿ ಹಾಕಿಸಿಕೊಂಡಿದ್ದಾರೆ. ಒಂದು ಮಗುವಿಗೆ ತಾನು ಸದಸ್ಯೆ ಎಂದು ಗೊತ್ತಾದದ್ದು ಫ್ಲೆಕ್ಸ್ ಓದಿದ ಮೇಲೆ.

ಇನ್ನು ಸೊನ್ನೆ ತಯಾರಾಗುವ ಬಗೆ. ಹುಡುಗಿಯೊಬ್ಬಳು ಲ್ಯಾಬಿನಲ್ಲಿ ಆದದ್ದನ್ನು ಬರೆದುಕೊಂಡು ಬರುತ್ತಾಳೆ. ಕ್ಲಾಸ್ ಟೀಚರ್ ಎಚ್‌ಓಡಿ ಹತ್ತಿರ ಕಳಿಸುತ್ತಾರೆ, ಎಚ್‌ಓಡಿ ಪ್ರಿನ್ಸಿಪಾಲರ ಹತ್ತಿರ. ಪ್ರಿನ್ಸಿಪಾಲರು ನೀರು ಕೊಟ್ಟು, ಫ್ಯಾನು ಹಾಕಿ, "ನೋಡಮ್ಮ, ನೀನು ನನ್ನ ಮಗಳಿದ್ದ ಹಾಗೆ" ಎನ್ನುತ್ತಾರೆ. ಈ ದೇಶದಲ್ಲಿ ದೂರೊಂದು ನಿಂತುಹೋಗುವುದು ಬಹುಪಾಲು ಈ ವಾಕ್ಯದ ಪೂರ್ಣವಿರಾಮದಲ್ಲೇ. ಮಗಳಾದ ಮೇಲೆ ಮನೆಯವರನ್ನು ಕರೆಸಬೇಕಲ್ಲ, ಅಪ್ಪ ಕಾರ್ಖಾನೆಗೆ ರಜೆ ಹಾಕಿ ಬರುತ್ತಾರೆ. "ನಾಳೆ ಮದುವೆ ಮಾಡಬೇಕಾದ ಹುಡುಗಿ ಸರ್, ನೀವೇ ಯೋಚನೆ ಮಾಡಿ" ಎಂದು ಅವರಿಗೆ ಹೇಳಲಾಗುತ್ತದೆ. ಹುಡುಗಿಗೆ ಹೇಳುವುದು ಬೇರೆ: "ಇಂಟರ್ನಲ್ಸ್ ಹತ್ತಿರ ಬಂತಲ್ವಾ, ಓದಿನ ಕಡೆ ಗಮನ ಕೊಡು." ಆ ಇಂಟರ್ನಲ್ಸ್ ಅಂಕ ಹಾಕುವವರು ಯಾರು? ಲ್ಯಾಬಿನವರೇ. ದೂರು ಕೊಟ್ಟವಳ ಪತ್ರಿಕೆಯನ್ನು ಆರೋಪಿ ಮೌಲ್ಯಮಾಪನ ಮಾಡದ ಹಾಗೆ ನೋಡಿಕೊಳ್ಳಿ ಎಂದು ಅದೇ ನಿಯಮಾವಳಿ ಹೇಳುತ್ತದೆ. ಅಷ್ಟು ದೂರ ಯಾರೂ ಓದಿಲ್ಲ.

ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣ ಸರಿಯಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಕಾಲೇಜಿಗೆ ಈ ನಿಯಮವೊಂದು ಮಾತ್ರ ಕಂಠಪಾಠ. ಫೆಸ್ಟ್ ಮುಗಿಯಲಿ, ಪರೀಕ್ಷೆ ಮುಗಿಯಲಿ, ದಸರಾ ರಜೆ ಮುಗಿಯಲಿ ಎನ್ನುತ್ತ ಹೋದರೆ ಅವಧಿ ತಾನೇ ಮುಗಿಯುತ್ತದೆ.

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರಿನ ಹಳೆಯ ಗುರುತು ಸಿಕ್ಕಿದ್ದು ಅದರಲ್ಲೇ. ಬೆಂಗಳೂರು ಕಾಳಗದಲ್ಲಿ ಮಡಿದವನ ಹೆಸರನ್ನು ಕಲ್ಲಿಗೆ ಕೊರೆದು ಸಾವಿರದ ನೂರು ವರ್ಷ ಕಾಪಾಡಿದ ಊರು ಇದು. ಅದೇ ಊರಿನ ಹುಡುಗಿ ಬರೆದುಕೊಟ್ಟ ಎರಡು ಪುಟ ಮಾತ್ರ ಮಧ್ಯಾಹ್ನದ ಊಟದೊಳಗೆ ಡ್ರಾಯರಿನಲ್ಲಿ ಕಾಣೆಯಾಗುತ್ತದೆ. ಸ್ವೀಕೃತಿ ಕೇಳಿದರೆ, "ನಮ್ಮ ಮೇಲೆ ನಂಬಿಕೆ ಇಲ್ವಾ?"

ಹಾಗೆಂದು ಕಾಲೇಜು ಮುನ್ನೆಚ್ಚರಿಕೆ ವಹಿಸುವುದಿಲ್ಲ ಎನ್ನುವಂತಿಲ್ಲ. ದುಪಟ್ಟಾ ಕಡ್ಡಾಯ ಮಾಡಿದೆ, ಹಾಸ್ಟೆಲ್ ಬಾಗಿಲನ್ನು ಅರ್ಧ ಗಂಟೆ ಮುಂಚೆ ಹಾಕಿಸುತ್ತಿದೆ. ಈ ವಿದ್ಯೆಗೆ ಗುರುಗಳಿದ್ದಾರೆ. 2021ರ ಆಗಸ್ಟ್ 24ರಂದು ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು: ಸಂಜೆ 6.30ರ ಮೇಲೆ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆ ಹೋಗಬಾರದು. ಅತ್ಯಾಚಾರಿಗಳಿಗೆ ಮಾತ್ರ ಯಾವ ಸಮಯದ ಮಿತಿಯನ್ನೂ ವಿಧಿಸಿರಲಿಲ್ಲ. ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಸುತ್ತೋಲೆ ವಾಪಸಾಯಿತು. ಸುರಕ್ಷತೆಯ ನೆಪದಲ್ಲಿ ಹಾಸ್ಟೆಲಿನ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಲ್ಲದ ನಿಯಮ ಹೇರಬೇಡಿ, ಅವರ ಓಡಾಟ ಮೊಟಕುಗೊಳಿಸಬೇಡಿ, ಬದಲಿಗೆ ದೀಪ ಹಾಕಿಸಿ, ಬಸ್ಸು ಬಿಡಿ, ಕಾವಲಿಗೆ ಮಹಿಳೆಯರನ್ನೂ ನೇಮಿಸಿ ಎಂದು ಯುಜಿಸಿ ನಿಯಮ ಅದಕ್ಕೆ ಐದು ವರ್ಷ ಮೊದಲೇ ಹೇಳಿತ್ತು. ದೀಪ ಹಾಕಿಸಲು ಟೆಂಡರ್ ಕರೆಯಬೇಕು. ಸುತ್ತೋಲೆಗೆ ಒಂದು ಹಾಳೆ ಸಾಕು.

ಆ ಹೊತ್ತಿನ ಗೃಹ ಸಚಿವ ಆರಗ ಜ್ಞಾನೇಂದ್ರರೂ ಆ ಹುಡುಗಿ ಅಂಥ ನಿರ್ಜನ ಜಾಗಕ್ಕೆ ಹೋಗಬಾರದಿತ್ತು ಎಂದು ಹೇಳಿ, ಆಮೇಲೆ ಮಾತು ಹಿಂಪಡೆದರು. ಪಕ್ಷದ ದೋಷ ಎನ್ನಬೇಡಿ. 2017ರ ಹೊಸ ವರ್ಷದ ರಾತ್ರಿ ಎಂಜಿ ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳಿಗಾದ ಕಿರುಕುಳಕ್ಕೆ ಪಾಶ್ಚಾತ್ಯ ಉಡುಗೆಯನ್ನು ನೆನೆದವರು ಆಗಿನ ಗೃಹ ಸಚಿವ, ಬೇರೆ ಪಕ್ಷದ ಜಿ. ಪರಮೇಶ್ವರ. 2025ರ ಏಪ್ರಿಲಿನಲ್ಲಿ ನಮ್ಮ ಪಕ್ಕದ ಬಿಟಿಎಂ ಲೇಔಟಿನ ಗಲ್ಲಿಯಲ್ಲಿ ಹೆಣ್ಣುಮಗಳ ಮೈಮೇಲೆ ಕೈಹಾಕಿದ ಸಿಸಿಟಿವಿ ದೃಶ್ಯ ನೋಡಿ, ಇಷ್ಟು ದೊಡ್ಡ ನಗರದಲ್ಲಿ ಅಲ್ಲಿ ಇಲ್ಲಿ ಇಂಥವು ಆಗುತ್ತಿರುತ್ತವೆ ಎಂದು ಹೇಳಿ, ವಿವಾದವೆದ್ದ ಮೇಲೆ ವಿಷಾದಿಸಿದವರೂ ಅವರೇ. ಗೃಹ ಖಾತೆಯ ಕುರ್ಚಿಯಲ್ಲೇ ಏನೋ ಇದೆ.

ನಮ್ಮ ಕಡೆಯ ಇನ್ನೊಂದು ವಿಶೇಷ ಇಂಟರ್ನ್‌ಶಿಪ್ಪು. ಎಲೆಕ್ಟ್ರಾನಿಕ್ ಸಿಟಿ ಅಷ್ಟು ಹತ್ತಿರ ಇರುವಾಗ ಕೊನೆಯ ವರ್ಷದ ಮಕ್ಕಳು ಕ್ಯಾಂಪಸ್ಸಿನಲ್ಲಿ ಇರುವುದೇ ಕಡಿಮೆ. ಅಲ್ಲಿ ಟೀಮ್ ಲೀಡ್ ರಾತ್ರಿ ಹನ್ನೊಂದಕ್ಕೆ ಹೃದಯದ ಚಿತ್ರ ಕಳಿಸಿದರೆ ಕಂಪನಿಯ ಎಚ್‌ಆರ್ ಹೇಳುತ್ತಾರೆ: "ಅವಳು ನಮ್ಮ ಉದ್ಯೋಗಿ ಅಲ್ಲ, ಕಾಲೇಜಿನವಳು." ಕಾಲೇಜು ಹೇಳುತ್ತದೆ: "ಅದು ನಮ್ಮ ಆವರಣದಲ್ಲಿ ಆಗಿದ್ದಲ್ಲ." ಸಂಬಳವಿಲ್ಲದೆ ದುಡಿಯುವ ಟ್ರೇನಿಯನ್ನೂ 2013ರ ಕಾಯ್ದೆ ಉದ್ಯೋಗಿ ಎಂದೇ ಎಣಿಸುತ್ತದೆ. ಕಾಲೇಜಿನ ಬಸ್ಸು, ಪ್ರವಾಸ, ಕ್ರೀಡಾಕೂಟ, ಇಂಟರ್ನ್‌ಶಿಪ್ ಎಲ್ಲವೂ ಆವರಣದ ವಿಸ್ತರಣೆಯೇ ಎಂದು ಯುಜಿಸಿ ಬರೆದಿದೆ. ಅಂದರೆ ಒಂದೇ ಹುಡುಗಿಗೆ ಎರಡು ಸಮಿತಿಗಳ ರಕ್ಷಣೆ. ಫಲ: ಎರಡು ಕಡೆಯೂ ಸೊನ್ನೆ.

ಬೆಂಗಳೂರಿನಲ್ಲೇ ಬೇರೆ ಬಗೆಯಲ್ಲೂ ನಡೆದದ್ದಿದೆ. 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸಂಶೋಧನಾ ವಿದ್ಯಾರ್ಥಿನಿಯ ದೂರನ್ನು ವಿಚಾರಣೆ ಮಾಡಿ ಪ್ರಾಧ್ಯಾಪಕರೊಬ್ಬರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಿತು. ಆ ಸಂಸ್ಥೆಯ ಮಾನ ಹೋಯಿತೇ? ಸೀಟಿಗೆ ಪೈಪೋಟಿ ಈಗಲೂ ಹಾಗೇ ಇದೆ. ಅತ್ತ ಗೋವಾ ವಿಶ್ವವಿದ್ಯಾಲಯದ ಸಮಿತಿ 2009ರಲ್ಲಿ ಆರೋಪಿಗೆ ಸರಿಯಾದ ಅವಕಾಶ ಕೊಡದೆ ತರಾತುರಿಯಲ್ಲಿ ವರದಿ ಮುಗಿಸಿದ್ದರಿಂದ 2023ರ ಮೇ 12ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಮಾಡಿ ವಿಚಾರಣೆಯನ್ನು ಹಿಂದಕ್ಕೆ ಕಳಿಸಿತು. ಹದಿನಾಲ್ಕು ವರ್ಷ ಕಾದ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಅದು. ಸಮಿತಿಯವರಿಗೆ ಮೊದಲು ವಿಚಾರಣೆ ನಡೆಸುವುದನ್ನು ಕಲಿಸಬೇಕು ಎಂಬುದು ಆ ತೀರ್ಪಿನ ತಾತ್ಪರ್ಯ. ನಮ್ಮ ಕಾಲೇಜಿನ ಕಾನೂನು ಸಲಹೆಗಾರರು ಅದನ್ನು ಬೇರೆ ರೀತಿ ಓದಿಕೊಂಡರು: "ನೋಡಿ ಸರ್, ವಿಚಾರಣೆ ಮಾಡಿದರೇ ತೊಂದರೆ."

ನನ್ನ ಮಟ್ಟಿಗೆ ಸೊನ್ನೆ ಎಂದರೆ ಅಪಾಯದ ಗಂಟೆ. ಸಾವಿರಾರು ಮಂದಿ ಇರುವ ಕಡೆ ವರ್ಷಗಟ್ಟಲೆ ಒಂದು ದೂರೂ ಬಾರದಿದ್ದರೆ ದೂರು ಕೊಡುವ ದಾರಿ ಎಲ್ಲೋ ಮುಚ್ಚಿದೆ ಎಂದರ್ಥ. ದೂರು ಏಕೆ ಬಂತು ಎಂದು ಕೇಳುವ ಬದಲು ಏಕೆ ಬರಲಿಲ್ಲ ಎಂದು ಕೇಳುವವರು ಬೇಕು. ಕೇಳಬೇಕಾದವರ ಕಚೇರಿ ಇರುವುದು ಇದೇ ಊರಿನ ನಾಗರಬಾವಿಯಲ್ಲಿ: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್. ಅದರ ಪರಿಶೀಲನಾ ತಂಡವೊಂದರ ಅಧ್ಯಕ್ಷರನ್ನು ಲಂಚದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಸಿಬಿಐ ಬಂಧಿಸಿತ್ತಾದರೂ ಆಸೆ ಬಿಡಬಾರದು. ಸತತ ಮೂರು ವರ್ಷ ಸೊನ್ನೆ ಬರೆದ ಕಾಲೇಜಿನ ಅಂಕ ಕಡಿಯಬೇಕು, ಹೆಣ್ಣುಮಕ್ಕಳನ್ನು ಪ್ರಿನ್ಸಿಪಾಲರಿಲ್ಲದ ಕೋಣೆಯಲ್ಲಿ ಮಾತಾಡಿಸಬೇಕು.

ಈ ಸಲಹೆಯನ್ನು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಗಾಬರಿಯಾಗಲಿಲ್ಲ. ಡೈರಿ ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು.

"ಹಾಗಾದರೆ ವರ್ಷಕ್ಕೆ ಎಷ್ಟು ತೋರಿಸಬೇಕು ಸರ್, ಎರಡು ಸಾಕಾ? ಎನ್‌ಎಸ್‌ಎಸ್ ಮಕ್ಕಳಿಗೆ ಹೇಳಿ ಬರೆಸ್ತೀನಿ. ಫೋಟೊ ಜಿಯೊಟ್ಯಾಗ್ ಆಗಿರಬೇಕಾ?"