ಮಂದಚಾಲ ಮೀಮಾಂಸೆ

ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಿಂದ ಮೊದಲ್ಗೊಂಡು, ಗದುಗಿನ ವೀರನಾರಾಯಣನ ಅಂಕಿತದಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ತನಕ, ದ್ಯೂತವನ್ನು ಕುರಿತು ನಮ್ಮ ಪ್ರಾಚೀನರು ನುಡಿದುದೆಲ್ಲವೂ ಸೋಲಲಿರುವವನು ದುಡುಕಿ ಪಣವನ್ನೇರಿಸಿದ ಕಥೆಯೇ ಹೊರತು, ಗೆಲ್ಲಲಿರುವವನು ಬೆದರಿ ಏರಿಸದೆ ಉಳಿದ ಕಥೆಯಲ್ಲ. ಧರ್ಮರಾಯನ ದೋಷಕ್ಕೆ ಸಭಾಪರ್ವದಲ್ಲಿ ಸಂಧಿಗಳೇ ಮೀಸಲಾದವು. ತದ್ವಿರುದ್ಧವಾದ ಈ ಮಂದಚಾಲದ ದೋಷಕ್ಕೆ ಒಂದು ಷಟ್ಪದಿಯೂ ದಕ್ಕಲಿಲ್ಲ. ಮಹಾಕವಿಯ ನೆರೆಯವರಾದ ಅಂತೂರ ಬೆಂತೂರದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ವಿಷಯಪ್ರವೇಶಕ್ಕೆ ಮುನ್ನ ಲಕ್ಷಣನಿರೂಪಣೆ. ಮೂರೆಲೆಯಾಟದಲ್ಲಿ ಐವತ್ತೆರಡು ಎಲೆಗಳಿಂದ ಕೈಗೆ ಬರಬಹುದಾದ ಜೋಡಣೆಗಳು 22,100. ಅವುಗಳಲ್ಲಿ ಒಂದೇ ಅಂಕದ ಮೂರೆಲೆ ಕೂಡುವ ಟ್ರಯಲ್ಲುಗಳು 52. ಮೂರೂ ಎಕ್ಕ ಕೂಡುವ ಸಂದರ್ಭಗಳಾದರೋ ಕೇವಲ 4. ಈ ನಾಲ್ಕನ್ನು ಮೀರಿಸುವ ಕೈ ಬ್ರಹ್ಮಸೃಷ್ಟಿಯಲ್ಲಿಲ್ಲ.

ಅದೇ ಅಂತೂರ ಬೆಂತೂರದಲ್ಲಿ, ನಾಗರ ಪಂಚಮಿಯ ಮಧ್ಯಾಹ್ನ, ಜೋಕಾಲಿಯ ಗದ್ದಲದಿಂದ ದೂರ ಸರಿದು ಜಮಖಾನೆ ಹಾಸಿ ಕುಳಿತವರಲ್ಲಿ, ಇಂಥ ಕೈಯನ್ನು ಪಡೆದ ಹಿರಿಯರೊಬ್ಬರನ್ನು ಓದುಗರು ಊಹಿಸಿಕೊಳ್ಳಬೇಕು. ಪಣ ಶೇಂಗಾಬೀಜ, ಒಂದು ಚಾಲಿಗೆ ಎರಡೇ ಬೀಜವೆಂದು ಮೊದಲೇ ಕಟ್ಟಳೆಯಾಗಿದೆ. ಹಿರಿಯರು ಎಲೆಗಳನ್ನು ಒಂದರ ಹಿಂದೊಂದು ಕೂದಲೆಳೆಯಷ್ಟು ಸರಿಸಿ ನೋಡಿದರು, ಮತ್ತೊಮ್ಮೆ ನೋಡಿದರು, ಎದೆಗವಚಿಕೊಂಡರು. ಎದುರಾಳಿಗಳಲ್ಲಿ ಒಬ್ಬನುಳಿದು ಮಿಕ್ಕವರು ಎಲೆ ಚೆಲ್ಲಿ ಪ್ಯಾಕ್ ಆದದ್ದೇ ತಡ, ಹಿರಿಯರು ಶೋ ಕೇಳಿ, ಎಲೆ ತೆರೆಸಿ ಆಟ ಮುಗಿಸಿಬಿಟ್ಟರು.

“ಏನ್ರಿ ಮಾವಾರ, ಮೂರೂ ಎಕ್ಕಾ ಹಿಡಕೊಂಡು ಶೋ ಕೇಳೂದೇನ್ರಿ?”

“ಇರಲಿ ಬಿಡೋ ತಮ್ಮಾ, ಬಂದಷ್ಟು ಬರಲಿ.”

ಈ ಉತ್ತರವೇ ಪೂರ್ವಪಕ್ಷ. ಇದರ ಸಮರ್ಥಕರು ಇದನ್ನು ಸಂತೃಪ್ತಿಯೆನ್ನುವರು. ನನಗಾದರೋ ಇದು ವೈರಾಗ್ಯದ ವೇಷ ತೊಟ್ಟ ಅಂಜಿಕೆಯೆಂದೇ ತೋರುತ್ತದೆ. ಪಣಕ್ಕೆ ಮಿತಿಯಿಲ್ಲದ ಆಟದಲ್ಲಿ ಸುಮ್ಮನಿದ್ದು ಕಡೆಗೊಮ್ಮೆ ಸರ್ವಸ್ವವನ್ನೂ ಸುರಿಯುವ ಉಪಾಯವುಂಟು. ಮಿತಪಣದ ಆಟದಲ್ಲಿ ಬಿಟ್ಟ ಚಾಲು ಬಿಟ್ಟಂತೆಯೇ, ಮುಂದಿನ ಸುತ್ತಿನಲ್ಲಿ ನಾಲ್ಕು ಬೀಜವಿಟ್ಟು ಅದನ್ನು ತುಂಬಿಕೊಳ್ಳಲು ಕಟ್ಟಳೆ ಒಪ್ಪದು. ಪಾಶ್ಚಾತ್ಯರ ಪೋಕರಿನಲ್ಲಿ ಈ ದೋಷ ಇಮ್ಮಡಿಯಾಗುತ್ತದೆ: ಅಲ್ಲಿ ಪಣದ ಸುತ್ತುಗಳ ನಡುವೆ ಹೊಸ ಎಲೆಗಳು ಬೀಳುವುದರಿಂದ, ಬಲವಾದ ಕೈಯುಳ್ಳವನು ಮೌನ ತಾಳಿದರೆ, ಓಡಿಹೋಗಬೇಕಾಗಿದ್ದ ದುರ್ಬಲನು ಬಿಟ್ಟಿಯಾಗಿ ಮುಂದಿನ ಎಲೆಯನ್ನು ಕಂಡು, ಕೆಲವೊಮ್ಮೆ ಅದರಿಂದಲೇ ಗೆದ್ದೂ ಹೋಗುತ್ತಾನೆ. ನಮ್ಮ ಮೂರೆಲೆಯಲ್ಲಿ ಹೊಸ ಎಲೆ ಬರುವುದಿಲ್ಲವಾದಕಾರಣ ಹಿರಿಯರಿಗೆ ಆ ಭಯವೂ ಇರಲಿಲ್ಲ. ಎದುರಿನವನು ಜೋಡಿ ರಾಜರನ್ನು ನಂಬಿ ಸಂಜೆಯವರೆಗೆ ಚಾಲು ನಡೆಸಲು ಸಿದ್ಧನಿದ್ದನು; ಅವನ ಮಡಿಲಲ್ಲಿ ಶೇಂಗಾ ಬೇಕಾದಷ್ಟಿತ್ತು.

ಆದುದರಿಂದ ಸಿದ್ಧಾಂತವಿಷ್ಟೆ: ಮಾವನವರು ಗೆದ್ದದ್ದು ಒಂದು ಹಿಡಿ, ಬಿಟ್ಟದ್ದು ಒಂದು ಪಡಿ. ಮುಂದಿನ ಪಂಚಮಿಗೆ ಎಕ್ಕಗಳು ಒದಗಿಬಂದ ಓದುಗ ಮಹಾಶಯರು ಎದುರಾಳಿಯೇ ಶೋ ಕೇಳುವತನಕ ನಿರ್ದಾಕ್ಷಿಣ್ಯವಾಗಿ ಚಾಲು ನಡೆಸಬೇಕೆಂದು ವಿನಂತಿ. ಪಣ ಮಾತ್ರ ಶೇಂಗಾವೇ ಆಗಿರಲಿ. ಬೀದಿಯ ಕಟ್ಟೆಯ ಮೇಲೆ ಹಣವಿಟ್ಟು ಆಡುವವರಿಗಾಗಿ 1963ರ ಕರ್ನಾಟಕ ಪೊಲೀಸ್ ಅಧಿನಿಯಮದಲ್ಲಿ 87ನೆಯ ಕಲಮು ಇದೆ.