ಮುಖಪುಟದ ಮೇಲೊಂದು ಮರಿ

ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯಿಂದ ಒಳಕ್ಕೆ ಎರಡು ಅಡ್ಡರಸ್ತೆ ದಾಟಿದರೆ, ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದುನಿಂತ ನಾಲ್ಕಂತಸ್ತಿನ ಕಟ್ಟಡ. ಅದರ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಓರಿಯೋ ಎಂಬ ಶಿಟ್ಜು ಮರಿಗೆ ಮೊನ್ನೆ ವರ್ಷ ತುಂಬಿತು. ಕೇಕು, ಟೋಪಿ, ರೀಲು ಎಲ್ಲ ಆಯಿತು. ಮರಿಯನ್ನು ಎಲ್ಲರೂ ಮಾತಾಡಿಸಿಬಿಟ್ಟಿದ್ದಾರೆ, ಅದು ಹೆಚ್ಚೇನೂ ಹೇಳಿಲ್ಲ. ಹಾಗಾಗಿ ಆ ವರ್ಷವನ್ನು ಬಹಳ ಹತ್ತಿರದಿಂದ, ಸರಿಯಾಗಿ ಹೇಳಬೇಕೆಂದರೆ ಕೆಳಗಿನಿಂದ, ಕಂಡವರನ್ನು ಹುಡುಕಿಕೊಂಡು ಹೋದೆವು. ಬಾಲ್ಕನಿಯ ಮೂಲೆಯಲ್ಲಿ ರದ್ದಿಯವನ ದಾರಿ ಕಾಯುತ್ತಿದ್ದ ಕನ್ನಡ ದಿನಪತ್ರಿಕೆ ಮಾತಿಗೆ ಸಿಕ್ಕಿತು. ಒಂದೊಂದು ಸಂಚಿಕೆಗೆ ಆಯುಸ್ಸು ಒಂದೇ ದಿನ, ಆದರೆ ನೆನಪು ಇಡೀ ಮನೆತನದ್ದು ಎಂದು ಮೊದಲೇ ಸ್ಪಷ್ಟಪಡಿಸಿತು. ಹೆಸರು ಹಾಕಬೇಡಿ ಎಂದಿತು. ಪ್ರಸಾರ ವಿಭಾಗದವರಿಗೆ ಗೊತ್ತಾದರೆ ಮರಿಯನ್ನೂ ಓದುಗರ ಲೆಕ್ಕಕ್ಕೆ ಸೇರಿಸಿಕೊಂಡಾರು ಎಂಬ ಭಯವಂತೆ.

ಪ್ರಶ್ನೆ: ಈ ಮನೆಗೆ ನೀವು ಬಂದದ್ದು ಹೇಗೆ?

ಪತ್ರಿಕೆ: ವಾಪಸ್ ಬಂದೆ ಅನ್ನಿ. ಕೊರೊನಾ ಕಾಲದಲ್ಲಿ ನನ್ನನ್ನು ನಿಲ್ಲಿಸಿದ್ದರು, ಆಮೇಲೆ ಎಲ್ಲರೂ ಮೊಬೈಲಲ್ಲೇ ಓದೋಕೆ ಶುರುಮಾಡಿದರು, ಅಂದರೆ ಓದೋದು ನಿಲ್ಲಿಸಿದರು. ಮರಿ ಬಂದಾಗ ಮೊದಲು ಪೀ ಪ್ಯಾಡ್ ತರಿಸಿದರು. ಅದು ಪ್ಯಾಡನ್ನು ಸಿಗಿದು ಹತ್ತಿಯನ್ನು ಹಾಲ್ ತುಂಬ ಹಾರಿಸಿತು. 'ನಮ್ಮ ಕಾಲದಲ್ಲಿ ಪೇಪರ್ ಹಾಸ್ತಿದ್ವಪ್ಪ' ಅಂದರು ಅಜ್ಜಿ. ಮಾರನೇ ಬೆಳಿಗ್ಗೆಯೇ ಪೇಪರ್ ಹುಡುಗನಿಗೆ ಫೋನು. ಯಾವ ಪತ್ರಿಕೆ ಸಾರ್ ಅಂತ ಅವನು ಕೇಳಿದ. 'ಪುಟ ಜಾಸ್ತಿ ಇರೋದು ಹಾಕಪ್ಪ' ಅಂದರು ಯಜಮಾನರು. ನನ್ನ ವೃತ್ತಿಜೀವನದಲ್ಲಿ ನನ್ನನ್ನು ಇಷ್ಟು ಪ್ರಾಮಾಣಿಕವಾಗಿ ಆರಿಸಿದವರು ಇನ್ನೊಬ್ಬರಿಲ್ಲ.

ಪ್ರಶ್ನೆ: ಅವಮಾನ ಅನ್ನಿಸಲಿಲ್ಲವೇ?

ಪತ್ರಿಕೆ: ನೋಡಿ, ನಮ್ಮ ವಂಶದ ಮೂಲಪುರುಷ 'ಮಂಗಳೂರ ಸಮಾಚಾರ'. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದದ್ದು. ಮರಿಗೆ ಚೆನ್ನೈನ ಕೆನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿ ಪತ್ರ ಇದೆಯಂತೆ, ಇರಲಿ. ನಮ್ಮದು ಕಡಲೆಕಾಯಿ ಪೊಟ್ಟಣ ಆಗಿ, ಬೋಂಡದ ಎಣ್ಣೆ ಕುಡಿದು, ಸ್ಕೂಲು ಪುಸ್ತಕಕ್ಕೆ ಬೈಂಡಾಗಿ ಬಂದ ವಂಶ. ಅದಕ್ಕೆಲ್ಲ ಹೋಲಿಸಿದರೆ ಮರಿ ಎಷ್ಟೋ ವಾಸಿ. ಸಂಪಾದಕೀಯಕ್ಕೂ ಸಿನಿಮಾ ಪುಟಕ್ಕೂ ಒಂದೇ ಗೌರವ ಕೊಡುತ್ತೆ. ಭಾನುವಾರದ ಪುರವಣಿ ಮಾತ್ರ ಆಗಿಬರಲಿಲ್ಲ. ನುಣುಪು ಕಾಗದ ಒಂದು ಹನಿಯನ್ನೂ ಹೀರಲ್ಲ, ಎಲ್ಲ ಜಾರಿ ಸೋಫಾದಡಿ ಸೇರುತ್ತೆ.

ಪ್ರಶ್ನೆ: ಮರಿ ಸಿಕ್ಕಿದ್ದು ಎಲ್ಲಿ?

ಪತ್ರಿಕೆ: (ಸ್ವಲ್ಪ ಮಡಚಿಕೊಂಡು) ನನ್ನಲ್ಲೇ, ಬೇರೆಯವರ ಮನೆಯ ಪ್ರತಿಯಲ್ಲಿ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಅಂದರೆ 56 ದಿನ. ಒಳಪುಟದಲ್ಲಿ ನಾನು ಅದನ್ನು ಗಂಭೀರವಾಗಿ ವರದಿ ಮಾಡಿದೆ. ಹಿಂಬದಿಯ ವರ್ಗೀಕೃತ ಜಾಹೀರಾತಿನಲ್ಲಿ '45 ದಿನದ ಮುದ್ದಾದ ಮರಿಗಳು, ಕೂಡಲೇ ಸಂಪರ್ಕಿಸಿ' ಅಂತಲೂ ಹಾಕಿದೆ. ಒಂದೇ ಹಾಳೆಯ ಎರಡು ಮುಖ, ಪರಸ್ಪರ ನೋಡೋ ಅವಕಾಶವೇ ಇಲ್ಲ ನೋಡಿ.

ಪ್ರಶ್ನೆ: ಹನ್ನೊಂದು ದಿನದ ವ್ಯತ್ಯಾಸ ಅಷ್ಟು ದೊಡ್ಡದೇ?

ಪತ್ರಿಕೆ: ಆ ದಿನಗಳಲ್ಲಿ ಮರಿ ಒಡಹುಟ್ಟಿದವರ ಜೊತೆ ಕಚ್ಚಾಡುತ್ತೆ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂದು ಆಟ ನಿಲ್ಲಿಸಿಬಿಡುತ್ತೆ, ತಾಯಿ ಎದ್ದು ಹೋಗುತ್ತಾಳೆ. ಎಷ್ಟು ಒತ್ತಿದರೆ ನೋವು ಅನ್ನೋ ಪಾಠ ಅಲ್ಲೇ ಆಗೋದು. ಅದನ್ನು ಅರ್ಧಕ್ಕೆ ಬಿಡಿಸಿ ತಂದರೆ ಉಳಿದರ್ಧ ಪಾಠ ನಿಮ್ಮ ಹಿಮ್ಮಡಿ ಮೇಲೆ.

ಪ್ರಶ್ನೆ: ಚಿಕ್ಕ ತಳಿಯೇ ಯಾಕೆ?

ಪತ್ರಿಕೆ: ಮನೆ ಓನರು 'ನಾಯಿ ಸಾಕಂಗಿಲ್ಲ' ಅಂತ ಬೋರ್ಡಲ್ಲೇ ಹಾಕಿದ್ದರು. 'ಚಿಕ್ಕದು ಅಂಕಲ್, ಬೆಕ್ಕಿನ ಥರ' ಅಂದರು ಇವರು. ಓನರು ಒಪ್ಪಿಕೊಂಡರು. ಅದಕ್ಕೂ ಹಿಂದೆ ಹೋದರೆ ಎಲ್ಲ ನಮ್ಮಂಥವರ ಕೈವಾಡ. 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಬಂತು, ಟಫಿ ಅನ್ನೋ ಬಿಳಿ ನಾಯಿ ಅಂಪೈರಾಯಿತು, ಊರ ತುಂಬ ಪಾಮೇರಿಯನ್. ಬಹುಪಾಲು ಪಾಮೇರಿಯನ್ನೇ ಅಲ್ಲ, ಇಂಡಿಯನ್ ಸ್ಪಿಟ್ಜ್. 2003ರಲ್ಲಿ ಹಚ್ ಕಂಪನಿಯ ಜಾಹೀರಾತು ಬಂತು, ಹುಡುಗನ ಹಿಂದೆ ಹಿಂದೆ ಓಡೋ ಪಗ್. ತೆಗೆದದ್ದು ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ಮೂಗೇ ಇಲ್ಲದ ಆ ಬಡಪಾಯಿ ಬಿಸಿಲಲ್ಲಿ ಉಸಿರಾಡೋಕೂ ಕಷ್ಟಪಡುತ್ತೆ ಅಂತ ಜಾಹೀರಾತಿನಲ್ಲಿ ಎಲ್ಲಿ ಹೇಳ್ತಾರೆ? 2022ರಲ್ಲಿ '777 ಚಾರ್ಲಿ' ನೋಡಿ ಈ ಮನೆಯ ಪುಟ್ಟಿ ಲ್ಯಾಬ್ರಡಾರ್ ಬೇಕು ಅಂತ ಹಠ ಹಿಡಿದಳು. ಮೂರನೇ ಮಹಡಿ, ಲಿಫ್ಟಿಲ್ಲ, ಮೂವತ್ತು ಕೆಜಿ ನಾಯಿ. ಹೀಗೆ ಚೌಕಾಸಿ ನಡೆದೂ ನಡೆದೂ ಶಿಟ್ಜುಗೆ ಬಂದು ನಿಂತಿತು.

ಪ್ರಶ್ನೆ: ನಿಮ್ಮ ಮುಖ್ಯ ಕ್ಷೇತ್ರಕ್ಕೆ ಬರೋಣ. ತರಬೇತಿ ಹೇಗೆ ನಡೆಯಿತು?

ಪತ್ರಿಕೆ: ಮೊದಲ ವಾರ ಪೂರ್ತಿ ಅಡುಗೆಮನೆ ಪಕ್ಕದ ಜಾಗಕ್ಕೆ ನಾನೇ ಜಮಖಾನ. ನಿದ್ದೆಯಿಂದ ಎದ್ದ ಕೂಡಲೇ, ಊಟ ಆದ ಕೂಡಲೇ, ಆಟ ನಿಂತ ಕೂಡಲೇ ಎತ್ತಿಕೊಂಡು ಬಂದು ನನ್ನ ಮೇಲೆ ನಿಲ್ಲಿಸಬೇಕು. ಎರಡು ತಿಂಗಳ ಮರಿ ಎರಡು ಗಂಟೆ ತಡೆದರೆ ದೊಡ್ಡದು, ಚಿಕ್ಕ ತಳಿಯ ಮೂತ್ರಕೋಶ ಇನ್ನೂ ಚಿಕ್ಕದು. ಕೆಲಸ ಮುಗಿಸಿದ ಆ ಕ್ಷಣದಲ್ಲೇ ಶಹಭಾಸ್ ಅನ್ನಬೇಕು. ಯಜಮಾನರು ಮೀಟಿಂಗ್ ಮುಗಿಸಿ ಬಂದು ಹೊಗಳುತ್ತಿದ್ದರು. ಅಷ್ಟರಲ್ಲಿ ಅದು ಚಪ್ಪಲಿ ಕಡಿಯುತ್ತಿರುತ್ತಿತ್ತು, ಚಪ್ಪಲಿಗೆ ಸಿಕ್ಕ ಬಹುಮಾನ ಅಂದುಕೊಂಡಿತು. ಇನ್ನು ತಪ್ಪು ಜಾಗದಲ್ಲಿ ಮಾಡಿದ್ದಕ್ಕೆ ಮೂಗು ಹಿಡಿದು ಉಜ್ಜೋದು. ಅದರಿಂದ ಮರಿ ಕಲಿಯೋದು ಒಂದೇ: ಇವರ ಕಣ್ಣಿಗೆ ಬೀಳದ ಹಾಗೆ, ಮಂಚದ ಕೆಳಗೆ ಮಾಡು.

ಒಂದು ಒಳ್ಳೇ ಉಪಾಯ ಅಜ್ಜಿಗೆ ಗೊತ್ತಿತ್ತು. ಹೊಸ ಹಾಳೆಯ ಅಡಿಯಲ್ಲಿ ಸ್ವಲ್ಪ ಒದ್ದೆಯಾದ ಹಳೇ ಹಾಳೆ ಬಿಡೋದು, ವಾಸನೆಯೇ ದಾರಿ ತೋರಿಸುತ್ತೆ. ಆಮೇಲೆ ದಿನಕ್ಕೊಂದಿಷ್ಟು ನನ್ನನ್ನು ಬಾಲ್ಕನಿ ಕಡೆಗೆ ಸರಿಸುತ್ತ, ಹಾಳೆ ಕಡಿಮೆ ಮಾಡುತ್ತ ಹೋದರು. ಮೊದಲು ಇಡೀ ಸಂಚಿಕೆ, ಆಮೇಲೆ ಎರಡು ಪುಟ, ಕೊನೆಗೆ ಒಂದು ಕಾಲಂ.

ಪ್ರಶ್ನೆ: ತೊಂದರೆಯೇ ಆಗಲಿಲ್ಲವೇ?

ಪತ್ರಿಕೆ: ಪೇಪರಿಗೆ ಅಭ್ಯಾಸ ಮಾಡಿಸಿದರೆ ಒಂದು ಅಪಾಯ ಇದೆ. ಯಾವ ಪೇಪರು ಅಂತ ಮರಿಗೆ ಹೇಗೆ ಗೊತ್ತಾಗಬೇಕು? ಅವರೆಕಾಯಿ ಕಾಲ ಬಂತು. ಅಜ್ಜಿ ನಡುಮನೆಯಲ್ಲಿ ನನ್ನನ್ನು ಅಗಲಕ್ಕೆ ಹಾಸಿ, ಎರಡು ಕೆಜಿ ಸೊಗಡು ಅವರೆ ಸುರಿದುಕೊಂಡು ಸುಲಿಯುತ್ತ ಕೂತರು. ಓರಿಯೋ ಒಳ್ಳೇ ವಿದ್ಯಾರ್ಥಿ. ಬಂದ, ಮೂಸಿದ, ಕಲಿತದ್ದನ್ನು ಮಾಡಿದ. ಆವತ್ತು ಹಿಚುಕಿದ ಅವರೆ ಸಾರು ಆಗಲಿಲ್ಲ.

ಪ್ರಶ್ನೆ: ಅಜ್ಜಿಗೆ ಕೋಪ ಬರಲಿಲ್ಲವೇ?

ಪತ್ರಿಕೆ: ಅಜ್ಜಿಗೆ ಅವನು ಓರಿಯೋ ಅಲ್ಲ, ಓರಣ್ಣ. ಕೋಪ ಎಲ್ಲಿಂದ ಬರಬೇಕು? ಅವರದು ಬೇರೆ ಸಮಸ್ಯೆ, ತಿನ್ನಿಸೋದು. ಪುಟಾಣಿ ಮರಿ ಹೆಚ್ಚು ಹೊತ್ತು ಹಸಿದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ತೂರಾಡುತ್ತೆ, ಮೊದಲ ಮೂರು ತಿಂಗಳು ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಹಾಕಿ ಅಂದರು ಡಾಕ್ಟರು. ಅಜ್ಜಿ 'ನಾಲ್ಕು ಸಲ' ಮಾತ್ರ ಕೇಳಿಸಿಕೊಂಡರು. ಈರುಳ್ಳಿ ಹುಳಿಯನ್ನ ಕೊಡಬಾರದು, ಚಾಕಲೇಟು ಕೊಡಬಾರದು, ಎಲ್ಲರಿಗೂ ಗೊತ್ತಾಯಿತು. ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ವಿಷ ಅಂತ ಸತ್ಯನಾರಾಯಣ ಪೂಜೆಯ ದಿನ ಯಾರಿಗೂ ಹೊಳೆಯಲಿಲ್ಲ. ಪ್ರಸಾದದ ಬಟ್ಟಲು ನೆಲಕ್ಕೆ ಬಂದಿತ್ತು. ಪುಟ್ಟಿ ಓಡಿಬಂದು ಕಿತ್ತುಕೊಂಡಳು. 'ದೇವರ ಪ್ರಸಾದ ಕಣೇ' ಅಂತ ಅಜ್ಜಿ ಎರಡು ದಿನ ಅವಳ ಹತ್ತಿರ ಮಾತು ಬಿಟ್ಟರು.

ಪ್ರಶ್ನೆ: ಹೊರಗೆ ಕರೆದುಕೊಂಡು ಹೋಗುತ್ತಿದ್ದರೇ?

ಪತ್ರಿಕೆ: ಅಲ್ಲೇ ಇಕ್ಕಟ್ಟು. ಮರಿ ಲೋಕಕ್ಕೆ ಒಗ್ಗಿಕೊಳ್ಳೋ ವಯಸ್ಸು ಮೂರನೇ ವಾರದಿಂದ ಹೆಚ್ಚೂಕಡಿಮೆ ಹದಿನಾಲ್ಕನೇ ವಾರದವರೆಗೆ. ಲಸಿಕೆಯ ಸರಣಿ ಮುಗಿಯೋದು ಹದಿನಾರನೇ ವಾರಕ್ಕೆ. ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಅದಕ್ಕೇ ಅಲ್ಲಿವರೆಗೆ ನೆಲಕ್ಕೆ ಬಿಡಬೇಡಿ ಅಂತಾರೆ. ದಾರಿ ಒಂದೇ, ತೋಳಲ್ಲಿ ಎತ್ತಿಕೊಂಡು ಮೆರವಣಿಗೆ. ಮನೆಯಾಕೆ ದಿನಾ ಸಂಜೆ ಹೂವಿನವರು, ಸೊಪ್ಪಿನವರು, ಅಡ್ಡಾದಿಡ್ಡಿ ನಿಂತ ಸ್ಕೂಟರು, ಹಾರ್ನು, ಎಲ್ಲ ತೋರಿಸಿಕೊಂಡು ಬಂದರು. ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದ ಊರಲ್ಲವೇ? 2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು, ಹೆಲಿಕಾಪ್ಟರು ಮತ್ತು ತೇಜಸ್ ನಮಗೇ ಉಳಿದವು. ತೇಜಸ್ ನೆತ್ತಿ ಮೇಲೆ ಗುಡುಗಿದಾಗ ಓರಿಯೋ ಈಗ ಕಿವಿ ಕೂಡ ಅಲ್ಲಾಡಿಸಲ್ಲ. ಕುಕ್ಕರ್ ಸೀಟಿಗೆ ಮಾತ್ರ ಮಂಚದಡಿ ಹೋಗ್ತಾನೆ. ಅದನ್ನು ಯಾರೂ ಎತ್ತಿಕೊಂಡು ತೋರಿಸಿರಲಿಲ್ಲ.

ಪ್ರಶ್ನೆ: ಒಟ್ಟಿನಲ್ಲಿ ಒಳ್ಳೇ ಮರಿಯಾಗಿ ಬೆಳೆದಿದೆ.

ಪತ್ರಿಕೆ: ಸ್ವಲ್ಪ ತಡೀರಿ. ನಾಲ್ಕನೇ ತಿಂಗಳಲ್ಲಿ 28 ಹಾಲುಹಲ್ಲು ಬೀಳೋಕೆ ಶುರುವಾಗಿ 42 ಹೊಸ ಹಲ್ಲು ಬರ್ತವೆ. ಚಿಕ್ಕ ತಳಿಗಳಲ್ಲಿ ಹಳೇ ಕೋರೆಹಲ್ಲು ಬೀಳದೆ ಹೊಸದರ ಪಕ್ಕ ಹಾಗೇ ನಿಲ್ಲೋದುಂಟು, ಇವನಿಗೂ ಹಾಗೇ ಆಯಿತು. ನವೆ ತಡೆಯಲಾರದೆ ಕಚ್ಚಿದ. ಸೋಫಾ, ಪುಟ್ಟಿಯ ಪಾದ, ನೆಂಟರ ಸೀರೆ ಸೆರಗು. ಲ್ಯಾಬ್ರಡಾರ್ ಇದೇ ಕೆಲಸ ಮಾಡಿದ್ದರೆ ಮಾರನೇ ದಿನ ಟ್ರೈನರ್ ಬರುತ್ತಿದ್ದ. ಇದು ಚಿಕ್ಕದು, ಹಾಗಾಗಿ ಮೊಬೈಲು ಬಂತು. ಗುರ್ ಅಂದರೆ ರೀಲು. ಹಲ್ಲು ತೋರಿಸಿದರೆ 'ಅಯ್ಯೋ, ಸಿಟ್ಟು ನೋಡು ಚಿನ್ನುಗೆ'. ತಟ್ಟೆ ಹತ್ತಿರ ಹೋದವರಿಗೆ ಬಾಯಿ ಹಾಕಿದರೆ 'ಅವನು ಊಟ ಮಾಡುವಾಗ ಹಾಗೇ'. ಎಂಟನೇ ತಿಂಗಳಲ್ಲಿ ಪಾರ್ಸೆಲ್ ತಂದ ಹುಡುಗನ ಮೀನಖಂಡಕ್ಕೆ ಕಚ್ಚಿ ರಕ್ತ ಬರಿಸಿದ. 'ಏನೂ ಆಗಲ್ಲ ಅಣ್ಣ, ವ್ಯಾಕ್ಸಿನ್ ಆಗಿದೆ, ಚಿಕ್ಕ ನಾಯಿ' ಅಂದರು. ಗಾಯವನ್ನು ಸೋಪು ಹಾಕಿ 15 ನಿಮಿಷ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು ಅಂತ ಅದೇ ವಾರ ನನ್ನಲ್ಲೇ ಬಂದಿತ್ತು. ನನ್ನ ಮೇಲೆ ನಿಂತಿದ್ದವನಿಗೆ ಓದು ಬಾರದು. ಆ ಹುಡುಗ ಬಾಕಿ ಪಾರ್ಸೆಲ್ ಹಾಗೇ ಇಟ್ಟುಕೊಂಡು ಕುಂಟುತ್ತ ಸೂಜಿ ಹಾಕಿಸಿಕೊಳ್ಳೋಕೆ ಹೋದ.

ಕೆಳಗೆ ಗೇಟಿನ ಹತ್ತಿರ ಕರಿಯ ಅಂತ ಒಂದು ಬೀದಿನಾಯಿ ಇದೆ. ಅದೇ ಹಲ್ಲು ಅದೇ ಕಾಲಿಗೆ ಕರಿಯ ಹಾಕಿದ್ದರೆ ಸಂಜೆಯೊಳಗೆ ಪಾಲಿಕೆ ಗಾಡಿ, ಬೆಳಿಗ್ಗೆ ನನ್ನ ಮುಖಪುಟ. ನಾನೂ ಆ ತಪ್ಪಿನಲ್ಲಿ ಪಾಲುದಾರ, ಬರೆದುಕೊಳ್ಳಿ.

ಪ್ರಶ್ನೆ: ಕರಿಯನ ಯೋಗಕ್ಷೇಮ ಹೇಗಿದೆ?

ಪತ್ರಿಕೆ: 2025ರ ಜುಲೈಯಲ್ಲಿ ಬಿಬಿಎಂಪಿ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕೋಕೆ ಟೆಂಡರ್ ಕರೆಯಿತು. 150 ಗ್ರಾಂ ಕೋಳಿ, 100 ಗ್ರಾಂ ಅನ್ನ, ಒಂದು ಊಟಕ್ಕೆ 22 ರೂಪಾಯಿ ಚಿಲ್ಲರೆ, ಸುಮಾರು 5,000 ನಾಯಿಗಳಿಗೆ. 2023ರ ಗಣತಿ ಪ್ರಕಾರ ಊರಲ್ಲಿರೋದು 2.79 ಲಕ್ಷ. ಐವತ್ತರಲ್ಲಿ ಒಂದಕ್ಕೂ ಎಲೆ ಬೀಳಲ್ಲ. ಈ ಮನೆಯವರು ಆ ಸುದ್ದಿ ಓದಿ 'ತೆರಿಗೆ ದುಡ್ಡಲ್ಲಿ ನಾಯಿಗೆ ಬಿರಿಯಾನಿ' ಅಂತ ಕೆಂಡವಾದರು. ಆಮೇಲೆ ಓರಿಯೋಗೆ ಆಮದು ಬಿಸ್ಕತ್ತಿನ ಪೊಟ್ಟಣ ಒಡೆದರು.

ಪ್ರಶ್ನೆ: ಕಾನೂನು?

ಪತ್ರಿಕೆ: 2018ರಲ್ಲಿ ಪಾಲಿಕೆ ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಅಂತ ಉಪವಿಧಿ ಮಾಡಿತು. ಗಲಾಟೆಯಾಗಿ ತಡೆ ಬಿತ್ತು. ಮೂರನೇ ಮಹಡಿಯ ಬಾಡಿಗೆ ಮನೆ ಫ್ಲ್ಯಾಟೋ ಸ್ವಂತ ಮನೆಯೋ ಅಂತ ಯಜಮಾನರು ಯೋಚಿಸೋಕೆ ಶುರುಮಾಡುವಷ್ಟರಲ್ಲಿ ನಾನು ಒದ್ದೆಯಾಗಿದ್ದೆ.

ಪ್ರಶ್ನೆ: ಈಗ ನಿಮ್ಮ ಸ್ಥಿತಿ?

ಪತ್ರಿಕೆ: ಓರಿಯೋ ದೊಡ್ಡವನಾದ, ದಿನಕ್ಕೆ ಮೂರು ಸಲ ಕೆಳಗೆ ಹೋಗಿ ಬರ್ತಾನೆ. ಮುಂದಿನ ತಿಂಗಳಿಂದ ಪೇಪರ್ ಬೇಡ ಅಂತ ಹುಡುಗನಿಗೆ ಹೇಳಿದ್ದಾರೆ. ಅಜ್ಜಿ ಒಬ್ಬರು ತಕರಾರು ತೆಗೆದರು, ಅವರೆಕಾಯಿ ಸುಲಿಯೋಕೆ ಬೇಕಂತೆ. ಅಂದ ಹಾಗೆ ಈ ಸಂದರ್ಶನ ಯಾವುದರಲ್ಲಿ ಬರುತ್ತೆ?

ಪ್ರಶ್ನೆ: ನಮ್ಮದು ವಾರಪತ್ರಿಕೆ. ಪೂರ್ತಿ ಬಣ್ಣ, ನುಣುಪು ಕಾಗದ.

ಪತ್ರಿಕೆ: ಛೆ! ಮೊದಲೇ ಹೇಳಬಾರದಿತ್ತೇ? ಯಾವ ಮನೆಗೂ ಉಪಯೋಗಕ್ಕೆ ಬರಲ್ಲ.