ಶುಂಠಿ ಬಿಯರನ್ನು ಬಾಟಲಿಗೆ ತುಂಬುವ ಕ್ರಮ

ಶುಂಠಿ, ಸಕ್ಕರೆ, ನಿಂಬೆರಸ ಮತ್ತು ನೀರು ಒಟ್ಟಿಗೆ ಹುಳಿತು ನೊರೆಗಟ್ಟಿದಾಗ ಆಗುವ ಪಾನೀಯವೇ ಶುಂಠಿ ಬಿಯರ್. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು. ಇದರ ಹಿರಿಯಣ್ಣ ಸೈಡರ್‌ಗೆ ಸೇಬಿನ ರಸವೇ ಆಗಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಸೇಬೆಂದರೆ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕೊಳ್ಳುವ ಹಣ್ಣು. ಅದನ್ನು ಒಂದು ಪೆಟ್ಟಿಗೆ ತುಂಬ ಮನೆಗೆ ತಂದರೆ ಸಂಜೆಯೊಳಗೆ ನೆಂಟರು ಯೋಗಕ್ಷೇಮ ವಿಚಾರಿಸಲು ಬಂದು ಕೂರುತ್ತಾರೆ.

ಶುಂಠಿಗೆ ಆ ತೊಂದರೆಯಿಲ್ಲ. ಕೇರಳದ ಬೆಳೆಗಾರರು ಹೊಲ ಗುತ್ತಿಗೆ ಹಿಡಿದು ಬೆಳೆಯಲು ಶುರುಮಾಡಿದ ಮೇಲೆ ರಾಗಿ, ಹೊಗೆಸೊಪ್ಪಿನ ಪಕ್ಕದಲ್ಲೇ ಶುಂಠಿ ಪಾತಿಗಳೂ ಎದ್ದವು. ರಸ್ತೆ ಬದಿಯ ಕಣಗಳಲ್ಲಿ ತೊಳೆದು, 60 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುತ್ತಾರೆ. 2023ರಲ್ಲಿ ಬೆಲೆ ಹುಚ್ಚೆದ್ದು ಏರಿದಾಗ ಜನ ಹೊಲದಲ್ಲೇ ಮಲಗಿ ಕಾವಲು ಕಾದರು. ಆ ವರ್ಷ ಶುಂಠಿಯನ್ನು ಜಜ್ಜಿ ಬಿಯರ್ ಮಾಡುವ ಯೋಚನೆ ಯಾರಿಗಾದರೂ ಬಂದಿದ್ದರೂ ಬಾಯಿಬಿಟ್ಟು ಹೇಳಿಕೊಂಡಿರಲಾರರು.

ಈ ಹುಚ್ಚು ಹತ್ತುವ ದಾರಿ ಬಹುಮಟ್ಟಿಗೆ ಒಂದೇ. ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕೊಡಗಿಗೆ ಹೋದವರು ಅಲ್ಲಿನ ಅಂಗಡಿಗಳಲ್ಲಿ ಸಾಲಾಗಿ ನಿಂತ ಮನೆ ವೈನುಗಳನ್ನು ನೋಡುತ್ತಾರೆ: ದ್ರಾಕ್ಷಿಯದು, ನೆಲ್ಲಿಕಾಯಿಯದು, ಶುಂಠಿಯದು, ವೀಳ್ಯದೆಲೆಯದು ಕೂಡ. ಒಂದು ಬಾಟಲಿ ಕೊಂಡು ತಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೊಳ್ಳದೆ, ‘ಇದನ್ನು ನಾವೇ ಮಾಡಬಹುದಲ್ಲ’ ಎಂದುಕೊಂಡು ಬಂದವರಿಗಾಗಿಯೇ ಮುಂದಿನ ವಿವರಗಳು. ಅವರು ನೆನಪಿಡಬೇಕಾದ ಮೊದಲ ಮಾತು, ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮಾದಕ ಪೇಯ ತಯಾರಿಸುವಂತಿಲ್ಲ. ಆದ್ದರಿಂದ ಇಲ್ಲಿ ಹೇಳುವುದು ಎರಡು ಮೂರು ದಿನದಲ್ಲಿ ಮುಗಿಯುವ, ಅಮಲಿಗಿಂತ ತೇಗಿಗೆ ಹೆಚ್ಚು ಒದಗುವ ಪಾನೀಯದ ವಿಷಯ.

ಮೊದಲು ಹೆಪ್ಪು. ಸಿಪ್ಪೆ ಸಮೇತ ತುರಿದ ಶುಂಠಿಯನ್ನು ಸಕ್ಕರೆ ನೀರಿನಲ್ಲಿ ಹಾಕಿ, ದಿನವೂ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸುತ್ತ ಬಂದರೆ ನಾಲ್ಕೈದು ದಿನಕ್ಕೆ ದೋಸೆಹಿಟ್ಟಿನ ಹಾಗೆ ಉಸಿರಾಡತೊಡಗುತ್ತದೆ. ಸಿಪ್ಪೆಯ ಮೇಲಿರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಕೆಲಸ ಅದು. ಇಂಗ್ಲೆಂಡಿನವರು ಇಂಥದೇ ಕೆಲಸಕ್ಕೆ ಬಳಸುತ್ತಿದ್ದ ‘ಶುಂಠಿ ಬಿಯರ್ ಗಿಡ’ ಗಿಡವೇ ಅಲ್ಲ, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಕೂಡಿ ಬಾಳುವ ಗಂಟು ಎಂದು ಹ್ಯಾರಿ ಮಾರ್ಷಲ್ ವಾರ್ಡ್ 1892ರಲ್ಲಿ ತೋರಿಸಿದ. ಬೇರೆಯಾಗಿ ಶುಂಠಿ, ಸಕ್ಕರೆ ಕುದಿಸಿ ಆರಿಸಿದ ನೀರಿಗೆ ನಿಂಬೆರಸ ಹಿಂಡಿ, ಈ ಹೆಪ್ಪನ್ನು ಸೋಸಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಸಕ್ಕರೆಯ ಬದಲು ಆಲೆಮನೆಯ ಬೆಲ್ಲ ಹಾಕಿದರೆ ಬಣ್ಣ ಬರುತ್ತದೆ, ಜೊತೆಗೆ ಕಷಾಯದ ವಾಸನೆಯೂ ಬರುತ್ತದೆ.

ಇನ್ನು ಬಾಟಲಿ. ಬಿಯರ್ ಬಾಟಲಿ ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದನ್ನು ಮನೆಗೆ ತರುವುದು ಕಷ್ಟ. ಸಣ್ಣ ಪಟ್ಟಣದಲ್ಲಿ ಸ್ಕೂಟರಿನ ಮುಂದೆ ಚೀಲವಿಟ್ಟುಕೊಂಡು ಪ್ರತಿ ಹಂಪಿಗೂ ಗಣಗಣ ಎನ್ನಿಸುತ್ತ ಬರುವವರನ್ನು ಎಲ್ಲರೂ ನಿಲ್ಲಿಸಿ ಮಾತಾಡಿಸುತ್ತಾರೆ. ‘ಖಾಲಿ ಬಾಟ್ಲಿ’ ಎಂದರೆ ಮರ್ಯಾದೆ ಇನ್ನಷ್ಟು ಹೋಗುತ್ತದೆ. ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು, ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪಿನ ಹೊಸ ತುಂಡಿನಿಂದ ಪಾನೀಯವನ್ನು ಇಳಿಸಬೇಕು. ಬಾಯಿಂದ ಎಳೆದು ಶುರುಮಾಡುವವರು ಎಳೆಯುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ತೀರ್ಮಾನಿಸಿಕೊಂಡಿರುವುದು ಒಳ್ಳೆಯದು. ಬಾಟಲಿಯ ಕತ್ತಿನಲ್ಲಿ ಒಂದು ಅಂಗುಲ ಖಾಲಿ ಬಿಡಬೇಕು.

ಉಳಿದದ್ದೆಲ್ಲ ಸಕ್ಕರೆಯ ಲೆಕ್ಕ. ಒಂದು ಗ್ರಾಂ ಸಕ್ಕರೆ ಹುಳಿತರೆ ಸುಮಾರು ಅರ್ಧ ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಲೀಟರಿಗೆ 4 ಗ್ರಾಂ ಸಕ್ಕರೆ ಎಂದರೆ 2 ಗ್ರಾಂ ಅನಿಲ. ಹೊರಗೆ ಬಿಟ್ಟರೆ ಅದು ಹತ್ತಿರ ಹತ್ತಿರ ಒಂದು ಲೀಟರ್ ಜಾಗ ಹಿಡಿಯುತ್ತದೆ. ಮೂಗಿಗೆ ಏರುವ ಸೋಡಾಕ್ಕೆ ಲೀಟರಿಗೆ ಮೂರ್ನಾಲ್ಕು ಲೀಟರ್ ಅನಿಲ ಸಾಕು. ಸಿಹಿ ಇರಲಿ ಎಂದು ಲೀಟರಿಗೆ 80 ಗ್ರಾಂ ಸಕ್ಕರೆ ಉಳಿಸಿ ಮುಚ್ಚಳ ಬಿಗಿದರೆ ಯೀಸ್ಟ್ ಅಷ್ಟನ್ನೂ ತಿಂದು 20 ಲೀಟರ್ ಅನಿಲ ಮಾಡಲು ಹೊರಡುತ್ತದೆ. ಅಷ್ಟನ್ನು ತಡೆಯುವ ಬಾಟಲಿ ಗುಜರಿಯಲ್ಲಂತೂ ಇಲ್ಲ. ವೈನಿಗೆ ಸಕ್ಕರೆ ಹಾಕಿ ನೊರೆ ಬರಿಸುವ ವಿದ್ಯೆಯನ್ನು ಕ್ರಿಸ್ಟಫರ್ ಮೆರೆಟ್ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಕುಲುಮೆಯ ದಪ್ಪ ಗಾಜು ಇದ್ದುದರಿಂದ ಅದು ನಡೆಯಿತು. ಹೈರಮ್ ಕಾಡ್ 1872ರಲ್ಲಿ ಹಕ್ಕು ಪಡೆದ ಗೋಲಿ ಸೋಡಾ ಬಾಟಲಿ ದಪ್ಪಗಿರುವುದೂ ಇದೇ ಕಾರಣಕ್ಕೆ. ಮೇಲಾಗಿ ಪುಸ್ತಕಗಳು ಹೇಳುವ ದಿನಗಳ ಲೆಕ್ಕ ಚಳಿದೇಶದ್ದು. ಏಪ್ರಿಲ್ ತಿಂಗಳ ಹುಣಸೂರಿನ ಅಟ್ಟದಲ್ಲಿ ಯೀಸ್ಟಿಗೆ ಅಷ್ಟು ವ್ಯವಧಾನವಿಲ್ಲ.

ಲೆಕ್ಕ ತಪ್ಪಿದಾಗ ಆಗುವುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹನಗೋಡಿನ ಆಚೆ, ನಾಗರಹೊಳೆ ಕಾಡಂಚಿನ ಊರುಗಳಲ್ಲಿ ನಡುರಾತ್ರಿ ‘ಢಂ’ ಎಂದರೆ ಒಂದೇ ಅರ್ಥ: ಆನೆ ಇಳಿದಿದೆ, ಯಾರೋ ಪಟಾಕಿ ಹೊಡೆದರು. ಆದ್ದರಿಂದ ಅಟ್ಟದ ಮೇಲೆ ಮೊದಲ ಬಾಟಲಿ ಸಿಡಿದಾಗ ನಾಯಿಗಳು ಬೊಗಳುತ್ತವೆ. ಆಮೇಲೆ, ಅದಕ್ಕಿಂತ ಭಯಂಕರವಾಗಿ, ಬೊಗಳುವುದನ್ನು ನಿಲ್ಲಿಸುತ್ತವೆ. ಪಕ್ಕದ ಮನೆಯ ದೀಪ ಹತ್ತುತ್ತದೆ. ‘ಯಾವ ಕಡೆ ಬಂದದೆ ಕಣಣ್ಣಾ?’ ಎಂಬ ಕೂಗಿಗೆ, ಏನೂ ಕಾಣದ ಕತ್ತಲೆಯಿಂದ ‘ಕೆರೆ ಏರಿ ತಾವು’ ಎಂಬ ಖಚಿತ ಉತ್ತರ ಬರುತ್ತದೆ. ಮತ್ತೊಬ್ಬರು ಒಂದಲ್ಲ, ಮರಿ ಸಮೇತ ಎರಡು ಎನ್ನುತ್ತಾರೆ. ಬಾಳೆತೋಟದವರು ನಿಜವಾದ ಪಟಾಕಿ ಹೊಡೆಯುತ್ತಾರೆ. ಅದನ್ನು ಕೇಳಿದ ಆಚೆ ಊರಿನವರು, ಆನೆ ತಮ್ಮ ಕಡೆ ತಿರುಗಿತೆಂದು ಇನ್ನೆರಡು ಹೊಡೆಯುತ್ತಾರೆ. ಟ್ರ್ಯಾಕ್ಟರಿನ ದೀಪ ಹೊಲದ ಮೇಲೆ ಆಡುತ್ತದೆ. ಬಾಟಲಿಯ ಯಜಮಾನರು ಈ ಹೊತ್ತಿಗೆ ಟಾರ್ಚು ಹಿಡಿದು ಗುಂಪಿನ ನಡುವೆ ನಿಂತು, ಎಲ್ಲರಿಗಿಂತ ಜೋರಾಗಿ ‘ಹೋ, ಹೋ’ ಎಂದು ಕೂಗುತ್ತಿರುತ್ತಾರೆ. ಹೇಳಿಬಿಡುವುದಕ್ಕೆ ಸರಿಯಾದ ಸಮಯವೊಂದಿತ್ತು. ಅದು ನಾಯಿಗಳು ಬೊಗಳುವುದನ್ನು ನಿಲ್ಲಿಸುವ ಮೊದಲೇ ಕಳೆದುಹೋಗಿರುತ್ತದೆ. ಆಗ ಎರಡನೆಯ ಬಾಟಲಿ ಸಿಡಿಯುತ್ತದೆ. ಎಲ್ಲರ ಟಾರ್ಚೂ ಒಟ್ಟಿಗೆ ಅಟ್ಟದ ಕಡೆ ತಿರುಗುತ್ತವೆ. ಹೆಂಚಿನ ಸಂದಿಯಿಂದ ಏನೋ ತೊಟ್ಟಿಕ್ಕುತ್ತದೆ. ಒಬ್ಬ ಅಜ್ಜಿ ಮೂಗರಳಿಸಿ, ‘ಇದೇನ್ಲಾ ಮಗಾ, ಕಷಾಯದ್ ವಾಸ್ನೆ?’ ಎನ್ನುತ್ತಾರೆ.

ಇದರಲ್ಲಿ ನಗುವ ಭಾಗ ಸಣ್ಣದು. ಆ ಜನ ಅಷ್ಟು ಬೇಗ ಎದ್ದು ಬಂದದ್ದು ನಿದ್ದೆ ಮಾಡಿರಲಿಲ್ಲವಾದ್ದರಿಂದ. ಕಂದಕ, ಸೋಲಾರ್ ಬೇಲಿ, ಹಳೆಯ ರೈಲು ಕಂಬಿಯ ಬೇಲಿ ಎಲ್ಲ ಇದ್ದೂ ಆನೆ ಎಲ್ಲೋ ಒಂದು ಕಡೆ ದಾಟಿ ಬರುತ್ತದೆ. ಒಂದೇ ರಾತ್ರಿಯಲ್ಲಿ ವರ್ಷದ ರಾಗಿ ಹೋಗುತ್ತದೆ, ಒಮ್ಮೊಮ್ಮೆ ಕಾವಲಿಗೆ ಹೋದವರೇ ಹೋಗುತ್ತಾರೆ. ಅಂಥವರನ್ನು ನಿಂಬೆ, ಶುಂಠಿಗಾಗಿ ಎಬ್ಬಿಸಿದವರಿಗೆ ಮಾರನೆಯ ದಿನ ಬೀದಿಯಲ್ಲಿ ತಲೆಯೆತ್ತಲು ಕಷ್ಟವಾಗುತ್ತದೆ, ಆಗಬೇಕು ಕೂಡ.

ಗಾಜಿನ ಬದಲು ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ಬಳಸಿದರೆ ಇದ್ಯಾವುದೂ ಇಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗದಷ್ಟು ಬಿರುಸಾದ ದಿನವೇ ಫ್ರಿಜ್ಜಿಗೆ ಸೇರಿಸಬೇಕು. ತಂಪಿನಲ್ಲಿ ಯೀಸ್ಟ್ ಮಂಕಾಗುತ್ತದೆ, ಅನಿಲ ನೀರಿನಲ್ಲಿ ಕರಗಿ ಕೂರುತ್ತದೆ. ಇಷ್ಟು ಸುಲಭದ ಮಾತನ್ನು ವಿಡಿಯೋದಲ್ಲಿ ಪಾಠ ಹೇಳುವ ಪಂಡಿತರು ಕೊನೆಯ ನಿಮಿಷಕ್ಕೆ ಇಟ್ಟುಕೊಂಡಿರುತ್ತಾರೆ. ಅಷ್ಟರಲ್ಲಿ ನೋಡುವವರು ಎದ್ದು ಶುಂಠಿ ತುರಿಯಲು ಹೋಗಿರುತ್ತಾರೆ. ಇನ್ನೊಂದು ಜಾತಿಯವರು ಎಲ್ಲ ಮುಗಿದ ಮೇಲೆ ಬಂದು, ‘ಒಂದು ಸೋಡಾ ತಂದು ಶುಂಠಿ ಹಿಂಡಿದ್ದರೆ ಆಗ್ತಿರಲಿಲ್ವೇ?’ ಎನ್ನುತ್ತಾರೆ. ಅವರಿಗೆ ಉತ್ತರವಿಲ್ಲ, ಲೋಟವನ್ನೂ ಕೊಡಬೇಕಾಗಿಲ್ಲ.

ತೆರೆಯುವುದು ಹಿತ್ತಿಲಲ್ಲಿ, ಅಗಲವಾದ ಪಾತ್ರೆಯ ಮೇಲೆ, ಮುಚ್ಚಳವನ್ನು ಬಟ್ಟೆಯಿಂದ ಹಿಡಿದು, ಕೂದಲೆಳೆಯಷ್ಟೇ ತಿರುವುತ್ತ. ಮೊದಲ ಬಾಟಲಿಯಲ್ಲಿ ಮುಕ್ಕಾಲು ಭಾಗ ಪಾತ್ರೆಗೆ, ಉಳಿದದ್ದು ಲೋಟಕ್ಕೆ. ಆ ಅರ್ಧ ಲೋಟ ನಿಜಕ್ಕೂ ಚೆನ್ನಾಗಿರುತ್ತದೆ: ನಾಲಿಗೆಗೆ ಖಾರ, ಮೂಗಿಗೆ ಚುರುಕು, ಕೊನೆಗೊಂದು ಹುಳಿ. ವಾರದೊಳಗೆ ಕುಡಿದು ಮುಗಿಸಬೇಕು. ಗಾಳಿ ಸೋಕಿ ಹುಳಿ ಮಿತಿಮೀರಿದ್ದನ್ನು ಚೆಲ್ಲಬೇಕಾಗಿಲ್ಲ. ಒಂದು ಹಿಡಿ ಉಪ್ಪು ಬೆರೆಸಿದರೆ ಬಚ್ಚಲ ಮನೆಯ ತಾಮ್ರದ ಹಂಡೆ ತಿಕ್ಕಲು ಆಗುತ್ತದೆ.